ಎಳೆದು ತಂದ ಮರದ ಚರ್ಚು

ಐರ್ಲೆಂಡಿನಿಂದ ವಾಪಸ್ ಬಂದ ಮೇಲೆ ಸಿಕ್ಕವರೆಲ್ಲ ಇದನ್ನೇ ಕೇಳಿದರು. ಚಳಿ ಹೆಂಗಿತ್ತು, ಊಟಕ್ಕೇನು ಮಾಡಿದ್ರಿ, ಮಗಳ ಮನೆ ಎಷ್ಟು ದೊಡ್ಡದು. ಚಳಿ ಚಳಿ ಥರಾನೇ ಇತ್ತು. ಊಟಕ್ಕೆ ಮುದ್ದೆ, ಅದರ ಹಿಟ್ಟು ಇಲ್ಲಿಂದಲೇ ಹೊತ್ತುಕೊಂಡು ಹೋಗಿದ್ದೆ. ಮನೆ ಬಾಡಿಗೆ ಮನೆ, ಹೇಳಿಕೊಳ್ಳುವಂಥದ್ದಲ್ಲ. ಅಷ್ಟಕ್ಕೆ ಅವರ ಪ್ರಶ್ನೆ ಮುಗೀತು, ನನ್ನ ಮಾತು ಮುಗಿಯಲಿಲ್ಲ. ಅಲ್ಲಿ ಕಡಲ ದಂಡೇಲಿ ಒಂದು ಮರದ ಚರ್ಚು ಐತೆ. ನಾನು ಹೋದಾಗ ಅದನ್ನ ಬೀಳಿಸಬೇಕೋ ಉಳಿಸಬೇಕೋ ಅಂತ ಮಾತು ನಡೀತಿತ್ತು. ಅದರ ಕಥೆ ಬರೀತೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಕಾಗುಣಿತ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ಬಸ್ಸಿನಲ್ಲಿ

ವಿಮಾನ ಇಳಿದು ನಾನೂ ಅಳಿಯ ಪ್ರಕಾಶನೂ ಸ್ಲೈಗೋ ಬಸ್ಸು ಹತ್ತಿದೆವು. ಮಗಳು ಶೈಲಾ ಸ್ಲೈಗೋ ದೊಡ್ಡಾಸ್ಪತ್ರೇಲಿ ಡಾಕ್ಟರು. ಡ್ಯೂಟಿ ಬಿಡೋಕಾಗಲ್ಲ ಅಂತ ಗಂಡನ್ನ ಕಳಿಸಿದ್ದಳು. ಅಳಿಯ ಮೈಸೂರಿನವನು, ಮನೇಲೇ ಕೂತು ಕಂಪ್ಯೂಟರ್ ಕೆಲಸ ಮಾಡ್ತಾನೆ. ಮಾತು ಕಡಿಮೆ. ಅದೊಂದು ಒಳ್ಳೇ ಗುಣ.

ಅಲ್ಲಿ ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳೀತಾರೆ. ಮುದುಕರು, ಹುಡುಗರು, ಕಿವಿಗೆ ವೈರು ಸಿಕ್ಕಿಸಿಕೊಂಡವರು, ಎಲ್ಲರೂ. ನಮ್ಮ ಕನಕಪುರದ ಬಸ್ಸಲ್ಲಿ ಹಂಗೆ ಹೇಳಿದರೆ ಡ್ರೈವರು ಏನೋ ಬಿಟ್ಟು ಇಳೀತಿದ್ದಾಳೆ ಅಂತ ತಿರುಗಿ ನೋಡ್ತಾನೆ. ನಾನೂ ಇಳಿಯುವಾಗ "ಥ್ಯಾಂಕ್ಸಪ್ಪ" ಅಂದೆ. ಅವನು ಏನೋ ಅಂದು ನಕ್ಕ.

ಕಿಟಕೀಲಿ ನೋಡಿದರೆ ದಾರಿ ಉದ್ದಕ್ಕೂ ಕಲ್ಲು. ಹೊಲಕ್ಕೂ ಹೊಲಕ್ಕೂ ನಡುವೆ ಕಲ್ಲಿನ ಗೋಡೆ, ಮನೆ ಕಲ್ಲು, ಸೇತುವೆ ಕಲ್ಲು, ಪಾಳುಬಿದ್ದ ಕೋಟೆ ಕಲ್ಲು, ಚರ್ಚೂ ಕಲ್ಲು. ನಮ್ಮ ಕಡೆಯೂ ಬಂಡೆಗೇನು ಬರ ಇಲ್ಲ. ನಾವು ಸಿಡಿಸಿ ಲಾರಿಗೆ ತುಂಬಿ ಕಳಿಸ್ತೀವಿ, ಇವರು ಅಲ್ಲಲ್ಲೇ ಪೇರಿಸಿಟ್ಟಿದಾರೆ. ಅಷ್ಟೇ ವ್ಯತ್ಯಾಸ.

ಮಗಳ ಮನೆ ಊರೊಳಗಲ್ಲ. ಊರು ದಾಟಿ ಕಡಲ ಕಡೆ ಹೋದರೆ ಒಂದು ಹಳ್ಳಿ, ಅದರ ಹೆಸರು ಬರೆಯೋಕೆ ನನಗೆ ಬರಲ್ಲ, ಹೇಳೋಕೂ ಬರಲ್ಲ. ಮನೆಯಿಂದಾಚೆ ಹುಲ್ಲುಗಾವಲು, ಅದರ ತುದೀಲಿ ಕರ್ರಗೆ ಒಂದು ಕಟ್ಟಡ. ಒಣಹುಲ್ಲಿನ ಗೋಡೌನು ಇರಬೇಕು ಅಂದುಕೊಂಡೆ. ನೆತ್ತಿ ಮೇಲೆ ಶಿಲುಬೆ ಕಂಡಿತು.

"ಇದೇನಪ್ಪ, ಇಷ್ಟು ಕಲ್ಲಿನ ದೇಶದಲ್ಲಿ ದೇವರಿಗೆ ಮಾತ್ರ ಹಲಗೆ ಮನೆ?" ಅಂದೆ.

"ಅದನ್ನ ನೋರಾ ಹತ್ರ ಕೇಳಿ ಅತ್ತೆ," ಅಂದ ಪ್ರಕಾಶ. "ಆದರೆ ಕೂತ್ಕೊಂಡು ಕೇಳಿ, ಬೇಗ ಮುಗಿಯಲ್ಲ."

ನೋರಾ

ನೋರಾ ಪಕ್ಕದ ಮನೆಯವಳು. ನನಗಿಂತ ದೊಡ್ಡವಳು, ಎಂಬತ್ತು ದಾಟಿದೆ. ಗಂಡ ಹೋಗಿ ಬಹಳ ವರ್ಷವಾಯ್ತು. ಚರ್ಚಿನ ಬೀಗದ ಕೈ ಅವಳದೇ ಸೆರಗಲ್ಲಿ, ಅಂದರೆ ಸ್ವೆಟರ್ ಜೇಬಲ್ಲಿ. ಪಾದ್ರಿ ನಾಲ್ಕಾರು ಊರಿಗೆ ಒಬ್ಬರೇ, ತಿಂಗಳಿಗೊಂದು ಸಲ ಬಂದರೆ ಬಂದರು. ಬಾಗಿಲು ತೆಗೆಯೋದು, ದೀಪ ಹಚ್ಚೋದು, ಗಂಟೆ ಹೊಡೆಯೋದು ಎಲ್ಲ ಇವಳೇ.

ನಾನು ಹೋದ ಮಾರನೇ ದಿನ ಒಂದು ರೊಟ್ಟಿ ಬೇಯಿಸಿಕೊಂಡು ಬಂದಳು. ಟೀ ಕುಡೀತೀಯಾ ಅಂತ ಸನ್ನೆ ಮಾಡಿದೆ. ಬೇಡ ಬೇಡ ಅಂತ ತಲೆ ಆಡಿಸಿದಳು. ಸರಿ ಅಂತ ಲೋಟ ಒಳಗಿಟ್ಟೆ. ಅವಳ ಮುಖ ನೋಡಬೇಕಿತ್ತು! ಆಮೇಲೆ ಪ್ರಕಾಶ ಹೇಳಿದ. ಇವರು ಎರಡು ಸಲ ಬೇಡ ಅಂದು ಮೂರನೇ ಸಲ ಹೂಂ ಅನ್ನೋರಂತೆ. ನಮ್ಮಲ್ಲೂ ನೆಂಟರು ಹಂಗೇ ಆಡ್ತಾರೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ನನ್ನ ಮನೇಲಿ ಬೇಡ ಅಂದವರಿಗೆ ಬೇಡ. ನೋರಾಗೆ ಅದು ಅರ್ಥವಾದ ಮೇಲೆ ಮೊದಲನೇ ಸಲವೇ ಕೈ ಚಾಚುತ್ತಿದ್ದಳು. ಅವಳು ಇಂಗ್ಲಿಷಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ಜೋರಾಗಿ ಮಾತಾಡಿಕೊಂಡು ಇದ್ದುಬಿಟ್ಟೆವು. ತೊಂದರೆಯೇನೂ ಆಗಲಿಲ್ಲ. ಬೇಕೇ ಬೇಕಾದಾಗ ಪ್ರಕಾಶನ್ನ ಕಂಪ್ಯೂಟರಿಂದ ಎಬ್ಬಿಸಿ ಕರೀತಿದ್ದೆವು.

ಅವನ ಬಾಯಲ್ಲಿ ಕೇಳಿದ ಚರ್ಚಿನ ಕಥೆ ಹಿಂಗಿದೆ.

ಹಿಂದೆ ಆ ಸೀಮೆಗೆಲ್ಲ ಒಬ್ಬ ಜಮೀನ್ದಾರ. ಅವನ ಮತ ಬೇರೆ, ಗೇಣಿದಾರರ ಮತ ಬೇರೆ. ಚರ್ಚು ಕಟ್ಟಿಕೊಳ್ತೀವಿ, ಜಾಗ ಕೊಡು ಅಂದರೆ, ಕಲ್ಲಿಂದು ಕಟ್ಟಿದರೆ ನೀವು ಅಲ್ಲೇ ಬೇರು ಬಿಡ್ತೀರಿ, ಆಗಲ್ಲ ಅಂದ. ಕೊನೆಗೆ ಗುಡ್ಡದ ಮೇಲೆ ಒಂದು ಚೂರು ತೋರಿಸಿ, ಪಾಯ ತೋಡಬಾರದು, ನಾನು ಎದ್ದು ಹೋಗಿ ಅಂದ ದಿನ ಎದ್ದು ಹೋಗಬೇಕು ಅಂತ ಹೇಳಿದ. ಊರಲ್ಲಿ ದೋಣಿ ಕಟ್ಟೋರಿದ್ದರು. ಆ ವರ್ಷ ಕಡಲಲ್ಲಿ ಒಂದು ಹಡಗು ಒಡೆದು ಅದರ ತೊಲೆ ಹಲಗೆ ದಂಡೆಗೆ ಬಂದು ಬಿದ್ದಿದ್ದವು. ಅದನ್ನೇ ಹೊತ್ತು ತಂದು ಮರದ ಚರ್ಚು ಕಟ್ಟಿದರು. ಜಮೀನ್ದಾರ ಸತ್ತ. ಮಗ ಬಂದ. ಅವನು ಅಪ್ಪನಿಗಿಂತ ಕಡೆ, ತೆಗೀರಿ ಇದನ್ನ ಅಂದ.

ಹಳ್ಳದಾಚೆ ಒಬ್ಬ ವಿಧವೆಗೆ ಅವಳದೇ ಅನ್ನೋ ಒಂದು ತುಂಡು ನೆಲ ಇತ್ತು. ಅವನ ಕೈಗೆ ಸಿಗದ ನೆಲ. ನನ್ನ ಹೊಲಕ್ಕೆ ತನ್ನಿ ಅಂದಳು. ಆ ವಿಧವೆ ನೋರಾಳ ಅಜ್ಜಿಯ ಅಜ್ಜಿ. ಊರಿಗೂರೇ ಹಗ್ಗ ಕಟ್ಟಿ ಚರ್ಚನ್ನ ಬಿಚ್ಚದೆ, ಒಂದು ಹಲಗೇನೂ ತೆಗೆಯದೆ, ಇದ್ದ ಹಂಗೇ ಗುಡ್ಡದಿಂದ ಎಳೆದುಕೊಂಡು ಬಂದರು. ಗಂಡಸರೂ ಕುದುರೆಗಳೂ ಹಗ್ಗ ಹಿಡಿದರೆ, ಹೆಂಗಸರು ಕಡಲ ಸೊಪ್ಪು ತಂದು ಮುಂದೆ ಮುಂದೆ ಹಾಸಿದರು. ಒದ್ದೆ ಸೊಪ್ಪಿನ ಮೇಲೆ ಚರ್ಚು ಜಾರಿಕೊಂಡು ಬಂತು.

ಅಷ್ಟು ಹೇಳಿ ನೋರಾ ನನ್ನ ಮುಖ ನೋಡಿದಳು. ನಂಬಿದೆನೋ ಇಲ್ಲವೋ ಅಂತ.

"ಯಾಕೆ ನಂಬಬಾರದು?" ಅಂದೆ. "ಗದ್ದೆ ಕೆಸರಲ್ಲಿ ಇಷ್ಟು ದಪ್ಪ ಮರ ಎಳೆದಿಲ್ವಾ ನಾವು?"

ಆದರೆ ನಂಬದೇ ಇರೋರಿದ್ದರು. ಜಿಲ್ಲಾ ಆಫೀಸಿಂದ ಗ್ರಾನ್ಯ ಅನ್ನೋ ಹೆಣ್ಣುಮಗಳು ಬಂದು ನೋಡಿ ಹೋಗಿದ್ದಳಂತೆ. ಹಳೇ ಕಟ್ಟಡಗಳಲ್ಲಿ ಯಾವುದನ್ನ ಉಳಿಸಬೇಕು ಅಂತ ಹೇಳೋದು ಅವಳ ಕೆಲಸ. ಆಗಿನ ಕಾಲದಲ್ಲಿ ಹಲಗೆ ಚರ್ಚು ರೆಡಿಮೇಡು ಸಿಗುತ್ತಿತ್ತಂತೆ, ಕಾರ್ಖಾನೇಲಿ ಕೊಯ್ದು ತಂದು ಜೋಡಿಸೋದು. ಇದೂ ಹಂಗೇ ಇರಬೇಕು, ಅಂಥವು ಬೇಕಾದಷ್ಟಿವೆ. ಇದರ ನೆಲ ಬಲಿಪೀಠದ ಕಡೆಗೆ ವಾಲಿದೆ, ಅಡಿಪಾಯ ಕೊಳೆತು ಮಣ್ಣೊಳಕ್ಕೆ ಕೂರುತ್ತಿದೆ, ಮರಕ್ಕೆ ಹುಳು ಬಿದ್ದಿದೆ, ಜನ ಸೇರಿದರೆ ಅಪಾಯ. ಇಷ್ಟು ಹೇಳಿದ್ದಳು. ಎಳೆದು ತಂದ ಕಥೆ ಕೇಳಿ "ಲವ್ಲಿ ಸ್ಟೋರಿ" ಅಂದಿದ್ದಳು.

ನೋರಾಗೆ ಉಳಿದದ್ದೆಲ್ಲ ಒಂದು, ಈ ಮಾತೊಂದು. "ಲವ್ಲಿ ಸ್ಟೋರಿ" ಅಂತ ಮೂತಿ ಸೊಟ್ಟ ಮಾಡಿ ಅಣಕಿಸಿ ತೋರಿಸಿದಳು. "ನಮ್ಮಜ್ಜಿ ಕಥೆ ಹೇಳೋಳಲ್ಲ. ನಮ್ಮನೇಲಿ ಕಥೆ ಹೇಳುವಷ್ಟು ಪುರುಸೊತ್ತು ಯಾರಿಗಿತ್ತು?"

ಗ್ರಾನ್ಯ ಇನ್ನೊಂದೇ ಸಲ ಬರೋಳಿದ್ದಳು. ಆವತ್ತು ಅವಳು ಬರೆದದ್ದೇ ಕೊನೆ. ಉಳಿಸುವಂಥದ್ದಲ್ಲ ಅಂದರೆ ಕೆಡವಿ ಜಾಗ ಮಾರುತ್ತಾರೆ. ಹಲಗೆ ಕಿತ್ತು ಕೆಳಗೆ ನೋಡಬಾರದಾ ಅಂತ ನಾನು ಕೇಳಿದೆ. ಚರ್ಚಿನ ಹಲಗೆ ಕೀಳಬೇಕಾದರೆ ಪರ್ಮಿಷನ್ ಬೇಕು, ಪರ್ಮಿಷನ್ ಬೇಕಾದರೆ ಕಟ್ಟಡ ಬೆಲೆಯುಳ್ಳದ್ದು ಅಂತ ಮೊದಲು ತೀರ್ಮಾನವಾಗಬೇಕು. ಅಷ್ಟು ಕೇಳಿದಾಗ ನನಗೆ ನಮ್ಮ ತಾಲ್ಲೂಕಾಫೀಸಿನ ವರಾಂಡದಲ್ಲೇ ಕೂತಂಗಾಯ್ತು.

ಚರ್ಚಿನೊಳಗೆ

ಒಂದು ಮಧ್ಯಾಹ್ನ ನೋರಾ ಒಳಗೆ ಕರಕೊಂಡು ಹೋದಳು. ಹೊರಗೆ ಹಲಗೆಗಳನ್ನ ಒಂದರ ಮೇಲೊಂದು ಮೀನಿನ ಪೊರೆ ಥರ ಹೊದಿಸಿದಾರೆ, ಮಳೆ ನೀರು ಒಳಕ್ಕೆ ಬರದೆ ಜಾರಿ ಹೋಗಲಿ ಅಂತ. ಕಡಲ ಗಾಳಿ ಹೊಡೆಯೋ ಕಡೆಗೆ ಟಾರು ಬಳಿದಿದಾರೆ, ಅದಕ್ಕೇ ದೂರಕ್ಕೆ ಕರ್ರಗೆ ಕಾಣೋದು. ಬಾಗಿಲಿನ ಕಡೆ ಬಿಳೀ ಬಣ್ಣ. ಮೊದಲು ಮೇಲೆಯೂ ಮರದ ಹಂಚೇ ಇತ್ತಂತೆ, ಈಗ ತಗಡು. ಗೋಡೆಯ ಬುಡಕ್ಕೆ ಸುತ್ತಲೂ ಸಿಮೆಂಟು. ಕೆಳಗಿಂದ ಗಾಳಿ ನುಗ್ಗಿ ಕಾಲು ಮರಗಟ್ಟುತ್ತೆ ಅಂತ ನೋರಾ ಚಿಕ್ಕವಳಿದ್ದಾಗ ಯಾರೋ ಮುಚ್ಚಿಸಿದ್ದಂತೆ.

ಬಾಗಿಲ ಪಕ್ಕ ಒಂದು ಬಟ್ಟಲಲ್ಲಿ ನೀರು. ನೋರಾ ಬೆರಳದ್ದಿಕೊಂಡಳು. ತೀರ್ಥ ಅಂತ ಗೊತ್ತಾಯ್ತು, ನಾನು ಅಂಗೈಗೆ ತಗೊಂಡು ಕುಡಿದು ತಲೆಗೆ ಒರೆಸಿಕೊಂಡೆ. ನೋರಾ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಅದು ಕುಡಿಯೋದಲ್ಲವಂತೆ. ಕುಡಿದರೆ ಏನಾಗುತ್ತೆ? ಏನೂ ಆಗಲಿಲ್ಲ.

ತಲೆ ಎತ್ತಿದೆ. ಮೊದಲ ದಿನ ಗೋಡೌನು ಅಂದುಕೊಂಡಿದ್ದ ನನಗೆ ನಾಲಿಗೆ ಕಚ್ಚಿಕೊಳ್ಳುವಂಗಾಯ್ತು. ಒಂದು ದೊಡ್ಡ ದೋಣಿ ಮಗುಚಿ ಇಟ್ಟು ಅದರೊಳಗೆ ನಿಂತಂಗಿತ್ತು. ಎರಡೂ ಕಡೆ ಗೋಡೆಯಿಂದ ಪಕ್ಕೆಲುಬಿನ ಥರ ಬಾಗಿದ ತೊಲೆಗಳು ಮೇಲಕ್ಕೆ ಹೋಗಿ ನೆತ್ತೀಲಿ ಕೂಡುತ್ತವೆ. ಬೆಂಕಿಗಿಟ್ಟು ಬಗ್ಗಿಸಿದ್ದಲ್ಲ, ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಿ ತಂದು ಹಾಕಿರೋದು. ಕೂಡಿದ ಕಡೆಯೆಲ್ಲ ಮರದ ಗೂಟ, ಹುಡುಕಿದರೂ ಮೊಳೆ ಕಾಣಲಿಲ್ಲ. ಕಿಟಕಿಗಳು ಸಣ್ಣವು, ಮೇಲೆ ಚೂಪು. ಒಂದು ಮೂಲೇಲಿ ಹಳೇ ಎಸ್‌ಟಿಡಿ ಬೂತಿನಂಥ ಗೂಡು, ಪಾಪ ಹೇಳಿಕೊಳ್ಳೋದಕ್ಕೆ. ಗೋಪುರದಿಂದ ಗಂಟೆ ಹಗ್ಗ ನೇರ ಬಾಗಿಲ ಹಿಂದಕ್ಕೆ ಇಳಿಬಿದ್ದಿತ್ತು, ಅದನ್ನ ಹಿಡಿದೂ ಹಿಡಿದೂ ತುದಿ ಎಣ್ಣೆ ಹಚ್ಚಿದ ಜಡೆ ಥರ ಮಿರಮಿರ ಅಂತಿತ್ತು.

ಬೆಂಚಿನ ಮೇಲೆ ಕೂತೆ. ನೆಲ ವಾಲಿರೋದು ಕಾಲಿಗೆ ಗೊತ್ತಾಗುತ್ತೆ, ಸೊಂಟಕ್ಕೆ ಗೊತ್ತಾಗಲ್ಲ. ಬೆಂಚು ಮಟ್ಟಸ. ಒಳ್ಳೇ ಬಡಗಿ ಅಂದುಕೊಂಡು ಸುಮ್ಮನಾದೆ. ಅದಕ್ಕಿಂತ ಮುಂದೆ ಯೋಚನೆ ಹೋಗಲಿಲ್ಲ ನೋಡಿ.

ನೋರಾ ಒಂದು ತೊಲೆ ಮೇಲೆ ಕೈ ಆಡಿಸಿ ಸಣ್ಣ ಸಣ್ಣ ತೂತು ತೋರಿಸಿದಳು. ಹುಳು. ಬೆರಳಿಗೆ ಹಿಟ್ಟು ಹತ್ತಿತು. ಅವಳ ಮುಖ ಸಣ್ಣದಾಯ್ತು. ಅಲ್ಲೇ ಅವಳ ನಾಮಕರಣ, ಅಲ್ಲೇ ಮದುವೆ, ಅಲ್ಲಿಂದಲೇ ಗಂಡನ ಹೆಣ ಎತ್ತಿದ್ದು. ಇದೆಲ್ಲ ಪ್ರಕಾಶ ಆಮೇಲೆ ಹೇಳಿದ್ದು. ಆಗ ನನಗೆ ತಿಳಿದಿದ್ದು ಒಂದೇ, ಹುಳು.

ಹುಳು ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡೆ.

ತೊಳೆದ ದಿನ

ನಮ್ಮ ಮನೇಲಿ ರೇಷ್ಮೆ. ಮದುವೆಯಾಗಿ ಬಂದಾಗಿಂದ ಮೊನ್ನೆ ಮೊನ್ನೆವರೆಗೂ ಹುಳು ಸಾಕಿದೀನಿ. ಒಂದು ಬೆಳೆ ಇಳಿದ ಮೇಲೆ, ಅದರಲ್ಲೂ ಹುಳಕ್ಕೆ ರೋಗ ಬಂದಿದ್ದರೆ, ಹುಳು ಮನೆ ತೊಳೀಬೇಕು. ಒರೆಸೋದಲ್ಲ, ತೊಳೆಯೋದು. ಸೂರಿನಿಂದ ನೆಲದವರೆಗೆ ಬ್ಲೀಚಿಂಗ್ ನೀರು ಎರಚಿ, ಬರಲಿನಿಂದ ತಿಕ್ಕಿ, ಬಾಗಿಲ ಕಡೆಗೆ ದಬ್ಬಿ ಹೊರಗೆ ಹಾಕಬೇಕು. ಆಗಲೇ ಮುಂದಿನ ಬೆಳೆಗೆ ಮನೆ ಶುದ್ಧ.

ಗ್ರಾನ್ಯ ಬರೋ ಹಿಂದಿನ ದಿನ ಬೆಳಿಗ್ಗೆ ನೋರಾ ಚರ್ಚು ಕ್ಲೀನ್ ಮಾಡೋಕೆ ಹೊರಟಳು. ನಾನೂ ಹೋದೆ. ಅವಳು ತಂದಿದ್ದು ಒಂದು ಬ್ರಷ್ಷು, ಒಂದು ಬಟ್ಟೆ, ಬ್ಲೀಚಿನ ಬಾಟಲಿ, ಒಂದು ಬಕೆಟ್. ಬಟ್ಟೆಯನ್ನ ಹಿಂಡಿ ಹಿಂಡಿ ಬೆಂಚಿನ ಮೇಲೆ ಸವರಿದಳು. ಸ್ಲೇಟು ಒರೆಸಿದಂಗೆ. ನನಗೆ ನೋಡೋಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಟೀ ತರ್ತೀನಿ ಅಂತ ಸನ್ನೆ ಮಾಡಿ ಮನೆಗೆ ಹೋದಳು.

ಹೊರಗೆ ಸಮಾಧಿಗಳ ಪಕ್ಕ ಹೂವಿಗೆ ನೀರು ಹಾಕೋ ನಲ್ಲಿ ಇತ್ತು. ಸೀರೆ ಎತ್ತಿ ಕಟ್ಟಿದೆ. ಬಕೆಟ್ ತುಂಬಿದೆ, ಬ್ಲೀಚು ಸುರಿದೆ, ಬಲಿಪೀಠದ ಹತ್ತಿರ ನಿಂತು ಬಾಗಿಲ ಕಡೆಗೆ ಎರಚಿದೆ. ಇನ್ನೊಂದು ತಂದೆ. ಮತ್ತೊಂದು ತಂದೆ. ಬ್ರಷ್ಷು ಹಿಡಿದು ತಿಕ್ಕಿದೆ. ಮೈ ಬಿಸಿಯಾಯ್ತು, ಬಂದಾಗಿಂದ ಹಿಡಿದಿದ್ದ ಚಳಿ ಅವತ್ತು ಬಿಟ್ಟಿತು.

ನೀರನ್ನ ಬಾಗಿಲಿಗೆ ದಬ್ಬಿದೆ. ಅದು ಹೋಗಲಿಲ್ಲ. ಹಿಂದಕ್ಕೇ ಬಂತು. ಮತ್ತೆ ದಬ್ಬಿದೆ, ಮತ್ತೆ ಬಂತು. ನನ್ನ ಕಾಲು ದಾಟಿಕೊಂಡು ಬಲಿಪೀಠದ ಮೆಟ್ಟಿಲ ಬುಡಕ್ಕೆ ಓಡಿ, ಅಲ್ಲಿ ಗುಳುಗುಳು ಅಂತ ಕೆಳಗಿಳಿದು ಹೋಯ್ತು. ನಮ್ಮ ಬಚ್ಚಲ ತೂತಲ್ಲಿ ಹೋದಂಗೆ.

ಬಾಗಿಲಲ್ಲಿ ನೋರಾ. ಕೈಯಲ್ಲಿ ಟೀ ತಟ್ಟೆ. ಅವಳು ಕೂಗಿದ ಕೂಗಿಗೆ ಹೊರಗೆ ಕುರಿಗಳು ಓಡಿದವು.

ಪ್ರಕಾಶ ಓಡಿ ಬಂದ. ಡ್ಯೂಟಿ ಮುಗಿಸಿ ಆಗತಾನೇ ಕಾರಿಳಿದ ಶೈಲಾನೂ ಬಂದಳು. ಒದ್ದೆ ನೆಲ ನೋಡಿ ತಲೆ ಮೇಲೆ ಕೈ ಹೊತ್ತಳು.

"ಅಮ್ಮಾ! ಇದು ಹಲಗೆ ನೆಲ! ನೀರು ಕುಡಿದರೆ ಉಬ್ಬುತ್ತೆ, ಕೊಳೆಯುತ್ತೆ! ನಾಳೆ ಅವರು ಬರ್ತಾರೆ!"

"ಹುಳು ಬಿದ್ದೈತೆ ಅಂದ್ರಲ್ಲ. ತೊಳೆದೆ."

"ಯಾರಾದ್ರೂ ಚರ್ಚ್‌ಗೆ ಬ್ಲೀಚ್ ನೀರು ಎರಚ್ತಾರಾ?"

"ಮರದ ಹುಳಕ್ಕೆ ಬೇರೆ ಔಷಧಿ ಅಂತ ನಂಗೇನು ಗೊತ್ತು? ಗೊತ್ತಿದ್ದೋರು ಹೇಳಬೇಕಿತ್ತು."

ನೋರಾ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಅವಳು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗ್ತಿದ್ದೆ. ಅವಳು ಬೈಯಲಿಲ್ಲ.

ಹಲಗೆ ಕೆಳಗೆ

ಪ್ಯಾಡಿಯನ್ನ ಕರೆಸಿದರು. ಅವನು ಹಿಂದೆ ದೋಣಿ ಕಟ್ಟುತ್ತಿದ್ದವನು, ಈಗ ವಯಸ್ಸಾಗಿ ಬಿಟ್ಟಿದಾನೆ, ಬಾಗಿಲ ತುಂಬಾ ಇರೋ ಆಳು. ಬಂದ, ನೋಡಿದ, ತಲೆ ಕೆರೆದ.

"ಇಟ್ಸ್ ಗ್ರ್ಯಾಂಡ್," ಅಂದ.

ಅಲ್ಲಿನವರಿಗೆ ಎಲ್ಲವೂ ಗ್ರ್ಯಾಂಡೇ, ಅಂದರೆ ಏನೂ ತೊಂದರೆ ಇಲ್ಲ ಅಂತ. ನಮ್ಮ ಮೊಮ್ಮಗಳು ಮೇಘಾಗೂ ಅದು ಅಂಟಿಕೊಂಡಿದೆ, ಬಿದ್ದು ಮೊಣಕಾಲು ಕಿತ್ತುಕೊಂಡು ರಕ್ತ ಸುರಿಸಿಕೊಂಡು ಬಂದರೂ "ಐ'ಮ್ ಗ್ರ್ಯಾಂಡ್, ಅಜ್ಜಿ" ಅಂತಾಳೆ. ಹಾಗಾಗಿ ಪ್ಯಾಡಿಯ ಮಾತಿಂದ ನನಗೆ ಸಮಾಧಾನವಾಗಲಿಲ್ಲ.

"ನೀರು ಕೆಳಗೆ ನಿಂತಿದ್ದರೆ ಕೆಲಸ ಕೆಟ್ಟಿತು. ಮೆಟ್ಟಿಲ ಹತ್ತಿರ ಎರಡು ಹಲಗೆ ಎಬ್ಬಿಸಿ ಗಾಳಿಯಾಡಿಸಬೇಕು," ಅಂದನಂತೆ.

"ಪರ್ಮಿಷನ್?" ಅಂದ ಪ್ರಕಾಶ.

"ಮನೆ ಮುಳುಗುವಾಗ ಬಕೆಟ್ಟಿಗೆ ಪರ್ಮಿಷನ್ ಕೇಳ್ತಾರಾ? ಅದೂ ಈ ಅಮ್ಮ ಕೇಳ್ದೇನೇ ಬಕೆಟ್ ಹಿಡ್ಕೊಂಡ ಮೇಲೆ?"

ಶೈಲಾ ಅಷ್ಟರಲ್ಲೂ ನಕ್ಕಳು. ನಾನು ನಗಲಿಲ್ಲ.

ಪ್ಯಾಡಿ ಹಾರೆ ತೂರಿಸಿದ. ಹಲಗೆ ಕಿರ್ ಅಂತ ಎದ್ದಿತು. ಟಾರ್ಚು ಹಾಕಿ ತಲೆ ಒಳಗಿಟ್ಟ. ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡನೋ ಅಂತ ನಾನು ಅವನ ಬೆಲ್ಟು ಹಿಡಿದುಕೊಂಡೆ.

ತಲೆ ಹೊರಗೆ ತೆಗೆದು "ನೋರಾ," ಅಂದ. ಅಷ್ಟೇ. ಟಾರ್ಚು ಅವಳ ಕೈಗೆ ಕೊಟ್ಟ.

ಅವಳಿಗೆ ಬಗ್ಗೋಕಾಗಲ್ಲ. ನಾನೂ ಶೈಲಾನೂ ರಟ್ಟೆ ಹಿಡಿದು ಮಂಡಿ ಊರಿಸಿದೆವು. ಅವಳ ಪಕ್ಕ ನಾನೂ ತಲೆ ತೂರಿಸಿದೆ.

ಕೆಳಗೆ ಚರ್ಚಿನ ಉದ್ದಕ್ಕೂ ದಪ್ಪ ದಿಮ್ಮಿ, ಎರಡು ಪಕ್ಕಕ್ಕೂ ಒಂದೊಂದು. ಅದರ ಮೂಗು, ನಮ್ಮ ಕಣ್ಣ ಮುಂದಿದ್ದ ತುದಿ, ಮೇಲಕ್ಕೆ ಬಾಗಿತ್ತು. ನೆಲದ ಮೇಲೆ ಜಾರಿಸೋಕೇ ಮಾಡಿದ್ದು, ಇನ್ನೇನಕ್ಕೂ ಅಲ್ಲ. ಮೂಗಲ್ಲಿ ಕೈ ತೂರುವಷ್ಟು ಅಗಲದ ತೂತು, ತೂತಿನ ಅಂಚು ಹಗ್ಗ ಉಜ್ಜಿ ಉಜ್ಜಿ ನುಣ್ಣಗಾಗಿತ್ತು, ಬಾವಿ ಕಟ್ಟೆ ಕಲ್ಲಿನ ಹಾಗೆ. ಅಡಿಗೆ ಕಬ್ಬಿಣದ ಪಟ್ಟಿ, ಸವೆದು ತಗಡಾಗಿತ್ತು. ನಾನು ಎರಚಿದ ನೀರು ಅದನ್ನೆಲ್ಲ ತೊಳೆದು, ಅಲ್ಲೇ ಕಲ್ಲುಗಳ ಸಂದೀಲಿ ಇಂಗಿ ಹೋಗಿತ್ತು. ದಿಮ್ಮಿ ಕೊಳೆತಿರಲಿಲ್ಲ. ಪ್ಯಾಡಿ ಚಾಕು ಚುಚ್ಚಿದರೆ ಚಾಕು ಇಳಿಯಲಿಲ್ಲ. ಹುಳು ಬಿದ್ದಿದ್ದು ಮೇಲಿನ ಒಂದೆರಡು ತೊಲೆಗೆ ಮಾತ್ರ, ಅವು ಆಮೇಲೆ ಯಾವಾಗಲೋ ಹಾಕಿದ ಬೇರೆ ಮರ.

ಪ್ಯಾಡಿ ಎದ್ದು ಬೆಂಚುಗಳ ಹತ್ತಿರ ಹೋಗಿ ಕಾಲುಗಳನ್ನ ನೋಡಿದ. ಬಲಿಪೀಠದ ಕಡೆಯ ಕಾಲು ಉದ್ದ, ಬಾಗಿಲ ಕಡೆಯದು ಗಿಡ್ಡ. ಬೆಂಚು ಮಾಡಿದ ದಿನವೇ ನೆಲ ಹಂಗೇ ವಾಲಿತ್ತು! ಕೂರುತ್ತಿರೋದಲ್ಲ, ಕೂತಿರೋದು. ವಿಧವೆಯ ಹೊಲದ ಗಡಿ ದಾಟಿದ್ದೇ, ಸಾಕಪ್ಪ ಇನ್ನು ನಮ್ಮ ಕೈಲಾಗಲ್ಲ ಅಂತ ಎಲ್ಲಿ ನಿಂತಿತೋ ಅಲ್ಲೇ ಬಿಟ್ಟು, ಅಡಿಗೆ ಕಲ್ಲು ತುರುಕಿದಾರೆ. ಅವರ ಜಾಗದಲ್ಲಿದ್ದಿದ್ದರೆ ನಾನೂ ಅಷ್ಟೇ ಮಾಡ್ತಿದ್ದೆ.

ನೋರಾ ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಕೈಯಲ್ಲಿದ್ದ ಟಾರ್ಚಿನಿಂದ ಆ ದಿಮ್ಮಿಯ ಮೂಗಿಗೆ ಟಕ್ ಟಕ್ ಅಂತ ಬಡಿದು ಏನೋ ಅಂದಳು. ಪ್ರಕಾಶ ಹೇಳಿದ, "ಅಜ್ಜಿ ಕಥೆ ಹೇಳೋಳಲ್ಲ ಅಂತ ಹೇಳಿರಲಿಲ್ವಾ, ಅಂತಿದಾರೆ."

ಆಮೇಲೆ ನನ್ನ ಕಡೆ ತಿರುಗಿ ನನ್ನ ಒದ್ದೆ ಸೀರೆ ನೋಡಿದಳು, ತಣ್ಣಗಾದ ಟೀ ತಂದುಕೊಟ್ಟಳು. ಕುಡಿದೆ.

ಗ್ರಾನ್ಯ ಬಂದಳು

ಮಾರನೇ ದಿನ ಬಂದವಳು ನಮ್ಮ ಶೈಲಾಗಿಂತ ಚಿಕ್ಕವಳು. ಕೆಂಚು ಕೂದಲು, ರಬ್ಬರ್ ಬೂಟು. ಬಾಗಿಲಲ್ಲೇ ಬ್ಲೀಚಿನ ವಾಸನೆಗೆ ಮೂಗು ಮುಚ್ಚಿಕೊಂಡಳು. ಕಿತ್ತ ಹಲಗೆ ಕಂಡು ಮುಖ ಬಿಗಿಯಾಯ್ತು.

"ಇದನ್ನ ಯಾರು ಮಾಡಿದ್ದು?"

ನಾನು ಕೈ ಎತ್ತಿದೆ. "ನಾನೇ. ಬಯ್ಯೋದನ್ನ ಆಮೇಲೆ ಬಯ್ಯಿ, ಮೊದಲು ಬಗ್ಗಿ ನೋಡು ಅಂತ ಹೇಳಪ್ಪ ಪ್ರಕಾಶ."

ಪ್ರಕಾಶ ಏನು ಹೇಳಿದನೋ, ನಾನು ಅಂದಿದ್ದಕ್ಕಿಂತ ಉದ್ದವಾಗಿಯೂ ಮೆತ್ತಗೂ ಇತ್ತು.

ಅವಳು ಬಗ್ಗಿ ನೋಡಿದಳು. ಆಮೇಲೆ ಕೋಟು ಬಿಚ್ಚಿ ಬೆಂಚಿನ ಮೇಲೆ ಎಸೆದು, ಬೋರಲು ಬಿದ್ದು, ಸೊಂಟದವರೆಗೂ ಆ ಸಂದಿಗೆ ಇಳಿದುಬಿಟ್ಟಳು. ಬೂಟುಗಳು ಮಾತ್ರ ಹೊರಗೆ. ಒಳಗಿಂದ ಮಾತು ಬರ್ತಿತ್ತು, ಒಂದೇ ಸಮನೆ. ಏನಂತೆ ಅಂತ ಅಳಿಯನ್ನ ತಿವಿದೆ.

"ಏನಿಲ್ಲ ಅತ್ತೆ. ಓ ಮೈ ಗಾಡ್ ಅಂತಿದಾಳೆ, ಅಷ್ಟೇ."

ಮೇಲೆ ಬಂದಾಗ ಕೆನ್ನೆ ಎಲ್ಲ ಮಣ್ಣು, ಕೂದಲ ತುಂಬಾ ಜೇಡರ ಬಲೆ. ಮುಖ ಮಾತ್ರ ಹಬ್ಬದ ದಿನ ಹೊಸ ಬಟ್ಟೆ ಸಿಕ್ಕ ಹುಡುಗಿ ಥರ ಇತ್ತು. ಕಾರ್ಖಾನೆ ಚರ್ಚಿಗೆ ತೆಳು ಹಲಗೆ, ಇಟ್ಟಿಗೆ ಕಂಬ ಇರುತ್ತಂತೆ, ಜಾರಿಸೋ ದಿಮ್ಮಿ ಯಾರೂ ಹಾಕಲ್ಲವಂತೆ. ಇಂಥದ್ದನ್ನ ಓದಿದೀನಿ, ಕಣ್ಣಲ್ಲಿ ನೋಡಿದ್ದು ಇದೇ ಮೊದಲು ಅಂದಳು. ಬೆಂಚಿನ ಕಾಲು ತೋರಿಸಿದರೆ ಹಣೆ ಚಚ್ಚಿಕೊಂಡಳು. "ನಾನು ಆ ಬೆಂಚಿನ ಮೇಲೇ ಕೂತು ನೆಲ ಕೂರ್ತಿದೆ ಅಂತ ಬರೆದೆ!" ಅಂದಳು. ನನಗೆ ಅವಳು ಅಲ್ಲಿಗೆ ಇಷ್ಟವಾದಳು. ನಾನೂ ಅದೇ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದೆನಲ್ಲ.

ಆಮೇಲೆ ನೋರಾ ಹತ್ತಿರ ಹೋಗಿ ನಿಂತಳು. "ಆ ಕಥೆ ಇನ್ನೊಂದು ಸಲ ಹೇಳ್ತೀರಾ? ಪೂರ್ತಿ. ಯಾವ ದಾರೀಲಿ ಎಳೆದರು, ಸೊಪ್ಪು ಎಲ್ಲಿಂದ ತಂದರು, ಎಲ್ಲ."

ನೋರಾ ಗದ್ದ ಎತ್ತಿದಳು. "ಕಥೆ ಯಾವುದಮ್ಮ? ನನಗೆ ಕಥೆಯೆಲ್ಲ ಬರಲ್ಲ."

ಹುಡುಗಿ ಪೆಚ್ಚಾದಳು. ನೋರಾ ಅವಳನ್ನ ಸ್ವಲ್ಪ ಹೊತ್ತು ಹಂಗೇ ನಿಲ್ಲಿಸಿದಳು. ಸಾಕು ಅನಿಸಿದ ಮೇಲೆ ಪಕ್ಕದ ಜಾಗ ತಟ್ಟಿದಳು. "ಕೂತ್ಕೋ. ನಡೆದಿದ್ದು ಹೇಳ್ತೀನಿ."

ಅವತ್ತು ಟೀ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಗ್ರಾನ್ಯ ಎರಡು ಸಲ ಬೇಡ ಅಂತ ಶುರು ಮಾಡಿದಳು, ನಾನು ಲೋಟ ಕೈಗೇ ತುರುಕಿದೆ. ಹೊರಡುವಾಗ ಹೇಳಿದಳು. ಈ ಚರ್ಚು ಬೀಳಲ್ಲ. ಇನ್ನು ಅದನ್ನ ಕೆಡವಬೇಕಾದರೆ ಕೆಡವೋರು ನನ್ನನ್ನ ದಾಟಿಕೊಂಡು ಬರಬೇಕು ಅಂತ.

ಕಾರು ಹತ್ತುವ ಮುಂಚೆ ನನ್ನ ಕಡೆ ಬೆರಳು ತೋರಿಸಿ ಇನ್ನೊಂದು ಮಾತಂದಳು. ಎಲ್ಲರೂ ಹೋ ಅಂತ ನಕ್ಕರು.

"ಏನಂದ್ಲು?"

"ಇನ್ಮೇಲೆ ಈ ಅಮ್ಮನ್ನ ಯಾವ ನಲ್ಲಿ ಹತ್ರಾನೂ ಬಿಡಬೇಡಿ ಅಂದ್ರು," ಅಂದಳು ಶೈಲಾ.

ಭಾನುವಾರ

ಉಳಿಸಬೇಕು ಅನ್ನೋ ಆರ್ಡರು ಬಂದಾಗ ನಾನಿನ್ನೂ ಅಲ್ಲೇ ಇದ್ದೆ. ಆ ಭಾನುವಾರ ಪಾದ್ರಿಯನ್ನ ನೋರಾ ಬಲವಂತವಾಗಿ ಕರೆಸಿದಳು. ಚರ್ಚು ತುಂಬಿ, ಜನ ಹೊರಗೆ ಹುಲ್ಲಿನ ಮೇಲೂ ನಿಂತಿದ್ದರು. ಆಸ್ಪತ್ರೆಯಿಂದ ಶೈಲಾಳ ಜೊತೆಯವರು, ಹುಬ್ಬಳ್ಳಿ ಕಡೆಯ ಡಾಕ್ಟರು ಗಂಡ ಹೆಂಡತಿಯೂ ಬಂದಿದ್ದರು. ಬಲಿಪೀಠದ ಹತ್ತಿರ ಎರಡು ಹಲಗೆ ಹಾಕದೆ ತೆರೆದೇ ಬಿಟ್ಟಿದ್ದರು, ಸುತ್ತ ಕಟಕಟೆ. ಬಂದವರೆಲ್ಲ ಒಬ್ಬೊಬ್ಬರೇ ಬಗ್ಗಿ ಆ ದಿಮ್ಮಿ ನೋಡಿ ಹೋಗಿ ಕೂರುತ್ತಿದ್ದರು. ದಿಮ್ಮಿಯ ಮೂಗಿನ ಮೇಲೆ ನೋರಾ ಬೆಳಿಗ್ಗೆ ತಂದ ಹಸೀ ಕಡಲ ಸೊಪ್ಪು ಇಟ್ಟಿದ್ದಳು. ಪಕ್ಕದಲ್ಲಿ ನನ್ನ ಬಕೆಟ್ಟು, ಅದರ ತುಂಬಾ ಹಳದಿ ಹೂವು.

"ಅದನ್ನ ತೆಗೆಸು," ಅಂದೆ ಶೈಲಾಗೆ. "ದೇವರ ಮುಂದೆ ಬಚ್ಚಲ ಬಕೆಟ್ ಇಡ್ತಾರಾ ಯಾರಾದ್ರೂ?"

"ಸುಮ್ನಿರಮ್ಮ, ಅವರಿಗೆ ಖುಷಿ."

ಪಾದ್ರಿ ಏನೇನೋ ಹೇಳಿದರು. ಒಂದು ಕಡೆ 'ಬಕೆಟ್' ಅಂದಿದ್ದು ಗೊತ್ತಾಯ್ತು, ಯಾಕಂದರೆ ಇಡೀ ಚರ್ಚು ತಿರುಗಿ ನನ್ನ ನೋಡಿತು. ನಾನೂ ಅವರನ್ನ ದಿಟ್ಟಿಸಿ ನೋಡಿದೆ.

ಎಲ್ಲ ಮುಗಿದ ಮೇಲೆ ಗಂಟೆ ಹೊಡೀಬೇಕು. ನೋರಾ ಎದ್ದು ಕೋಲೂರಿಕೊಂಡು ಬಾಗಿಲ ಹಿಂದಕ್ಕೆ ಹೋದಳು, ಹಗ್ಗ ಹಿಡಿದಳು. ಹಿಡಿದವಳು ಎಳೆಯಲಿಲ್ಲ. ಜನರ ಮಧ್ಯೆ ನನ್ನ ಹುಡುಕಿ, ಬಾ ಅಂತ ತಲೆ ಆಡಿಸಿದಳು. ನಾನು ಬೇಡ ಅಂದೆ. ಮತ್ತೆ ಕರೆದಳು. ಮತ್ತೆ ಬೇಡ ಅಂದೆ. ಅವಳ ಕಣ್ಣಲ್ಲಿ ನಗು ಬಂತು. ನನಗೂ ಹೊಳೀತು, ಎರಡಾಯ್ತು, ಇನ್ನು ಮೂರನೇದು. ಆಗಲಿ ಅಂತ ಎದ್ದು ಹೋದೆ.

ಹಗ್ಗದ ತುದಿ ನನ್ನ ಕೈಗಿಟ್ಟು, ನನ್ನ ಕೈ ಮೇಲೆ ತನ್ನ ಕೈ ಇಟ್ಟಳು. ಒಂದು ಕಾಲದಲ್ಲಿ ಊರವರೆಲ್ಲ ಸೇರಿ ದೇವರ ಮನೆಯನ್ನೇ ಎಳೆದು ತಂದಿದ್ದಾರೆ, ಒಂದು ಗಂಟೆ ಎಳೆಯೋಕೆ ನಮ್ಮಿಬ್ಬರಿಗೇನು ದಾಡಿ?

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಎಳೆದೆವು.